ಮದರಸಾ: ಶಾಲೆಯ ಜೊತೆಗೋ, ಶಾಲೆಯ ಬದಲಿಗೋ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ನಮ್ಮ ಶಾಲೆಯ ಮುಸ್ಲಿಂ ಮಕ್ಕಳು ಬೆಳಗ್ಗೆ ಮದರಸಾ ಮುಗಿಸಿಕೊಂಡೇ ಶಾಲೆಯ ಪ್ರಾರ್ಥನೆಗೆ ಬಂದು ನಿಲ್ಲುತ್ತಿದ್ದರು. ಆದರೆ ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಐದನೆಯ ತರಗತಿ ಆದಮೇಲೆ ‘ಮದರಸಾಕ್ಕೆ ಹೋಗ್ತೀನಿ ಸರ್’ ಎಂದು ಟಿ.ಸಿ. ಪಡೆದು ಬೇರೆ ಊರಿಗೆ ಹೋದ. ಮತ್ತೆ ಯಾವ ಶಾಲೆಗೂ ಸೇರಲಿಲ್ಲ. ಎರಡೂ ಮದರಸಾಗಳೇ? ಅಲ್ಲಿ ಏನು ಕಲಿಸುತ್ತಾರೆ? ಹಿಂದೆ ಮದರಸಾಗಳಲ್ಲಿ ಗಣಿತ, ತರ್ಕ ಎಲ್ಲ ಇತ್ತು ಎನ್ನುತ್ತಾರೆ. ಹಾಗಾದರೆ ಈಗೇಕಿಲ್ಲ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಹೆಸರು ಒಂದೇ, ಸಂಸ್ಥೆಗಳು ಬೇರೆ ಬೇರೆ. ನಿಮ್ಮ ಶಾಲೆಯ ಮಕ್ಕಳು ಬೆಳಗ್ಗೆ ಹೋಗುತ್ತಿದ್ದದ್ದು ಶಾಲೆಯ ಜೊತೆಗೆ ನಡೆಯುವ ಮದರಸಾ. ಆ ಹುಡುಗ ಸೇರಿದ್ದು ಶಾಲೆಯ ಬದಲಿಗೆ ನಿಂತಿರುವ ಮದರಸಾ. ನಮ್ಮಲ್ಲಿ ಮದರಸಾದ ಮಾತು ಬಂದಾಗಲೆಲ್ಲ ಜಗಳವಾಗುವುದು ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದ. ಒಬ್ಬರು ಮೊದಲನೆಯದನ್ನು ಕಣ್ಣಮುಂದಿಟ್ಟುಕೊಂಡು ‘ಇದರಲ್ಲೇನು ತಪ್ಪು’ ಎನ್ನುತ್ತಾರೆ, ಇನ್ನೊಬ್ಬರು ಎರಡನೆಯದನ್ನು ನೆನೆದು ‘ಮಕ್ಕಳ ಭವಿಷ್ಯ ಹಾಳು’ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಮದರಸಾದ ಮಟ್ಟಿಗೆ ಸರಿ ಇರಬಹುದು.

ಮೊದಲು ಪ್ರಮಾಣ ತಿಳಿದಿರಲಿ. ಮುಸ್ಲಿಮರ ಸ್ಥಿತಿಗತಿ ಕುರಿತು 2006ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ಈ ಲೆಕ್ಕವನ್ನೂ ತೆಗೆದಿತ್ತು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾವನ್ನೇ ಶಾಲೆಯಾಗಿ ಮಾಡಿಕೊಂಡವರು ನೂರಕ್ಕೆ ಮೂರೋ ನಾಲ್ಕೋ ಮಂದಿ. ಶಾಲೆಗೆ ದಾಖಲಾದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಕ್ಕಳು ಸರ್ಕಾರಿ ಶಾಲೆಗಳಲ್ಲೇ ಇದ್ದರು. ಶಾಲೆಯ ಜೊತೆಗೆ ನಡೆಯುವ ಮಕ್ತಬ್‌ಗಳನ್ನೂ ಶಾಲೆಯ ಬದಲಿನ ಮದರಸಾಗಳನ್ನೂ ಒಂದೇ ಎಂದು ಎಣಿಸುವುದರಿಂದಲೇ ಜನರ ಮನಸ್ಸಿನಲ್ಲಿ ಈ ಸಂಖ್ಯೆ ಉಬ್ಬುತ್ತದೆ ಎಂದೂ ಸಮಿತಿ ಹೇಳಿತ್ತು. ಆ ಲೆಕ್ಕ ಈಗ ಹಳೆಯದಾಗಿದೆ, ಆದರೆ ವಿಷಯದ ಗಾತ್ರ ಅಂದಾಜಿಸಲು ಸಾಕು.

ಬೆಳಗಿನ ಮದರಸಾ

ನಿಮ್ಮ ವಿದ್ಯಾರ್ಥಿಗಳು ಹೋಗುತ್ತಿದ್ದದ್ದು ಈ ಮಕ್ತಬ್‌ಗೆ. ಮಸೀದಿಗೆ ಹೊಂದಿಕೊಂಡ ಒಂದು ಕೋಣೆ, ಕೆಲವೆಡೆ ಮಸೀದಿಯ ಪಡಸಾಲೆಯೇ ತರಗತಿ. ಬಯಲುಸೀಮೆಯಲ್ಲಿ ಇದನ್ನು ‘ಅರಬಿ ಓದೋಕೆ ಹೋಗೋದು’ ಎನ್ನುತ್ತಾರೆ, ಕಲಿಸುವವರನ್ನು ‘ಹಜರತ್’ ಎಂದು ಕರೆಯುತ್ತಾರೆ. ಮಂಗಳೂರು, ಉಡುಪಿ ಕಡೆಯ ಬ್ಯಾರಿ ಮನೆಗಳಲ್ಲಿ ಅವರು ‘ಉಸ್ತಾದ್’. ಮಕ್ಕಳು ಕಾಯಿದಾ ಎಂಬ ಬಾಲಬೋಧೆಯಿಂದ ಅರಬಿ ಅಕ್ಷರ ಕಲಿತು, ಅಕ್ಷರ ಕೂಡಿಸಿ ಓದಲು ಕಲಿತು, ಆಮೇಲೆ ಕುರ್‌ಆನ್ ಹಿಡಿಯುತ್ತಾರೆ. ಯಾವ ಅಕ್ಷರ ಗಂಟಲಿನಿಂದ ಬರಬೇಕು, ಯಾವುದು ನಾಲಿಗೆಯ ತುದಿಯಿಂದ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಉಚ್ಚಾರ ನಿಯಮಗಳಿಗೆ ‘ತಜ್‌ವೀದ್’ ಎನ್ನುತ್ತಾರೆ. ಇದರ ಜೊತೆಗೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ವುಜೂ ಕ್ರಮ, ನಮಾಜು, ಊಟಕ್ಕೆ ಮುನ್ನ, ಮಲಗುವ ಮುನ್ನ ಹೇಳುವ ದುಆಗಳು, ಪ್ರವಾದಿಗಳ ಕಥೆ, ತಂದೆತಾಯಿ ನೆರೆಹೊರೆಯೊಂದಿಗೆ ನಡೆದುಕೊಳ್ಳುವ ರೀತಿ. ಇಷ್ಟೇ ಪಾಠ. ಕ್ರೈಸ್ತ ಮಕ್ಕಳಿಗೆ ಭಾನುವಾರ ಚರ್ಚಿನಲ್ಲಿ ನಡೆಯುವ ಧರ್ಮೋಪದೇಶದ ತರಗತಿ ಇದ್ದ ಹಾಗೆ ಇದು, ವಾರಕ್ಕೊಂದು ದಿನದ ಬದಲು ಶುಕ್ರವಾರ ಬಿಟ್ಟು ದಿನವೂ ನಡೆಯುತ್ತದೆ.

ಒಂದು ಮಾತನ್ನು ಮುಚ್ಚಿಡಬೇಕಿಲ್ಲ. ಮಕ್ತಬ್‌ನಲ್ಲಿ ಮಗು ಅರಬಿ ಭಾಷೆಯನ್ನು ಕಲಿಯುವುದಿಲ್ಲ, ಅರಬಿ ಓದುವುದನ್ನು ಕಲಿಯುತ್ತದೆ. ಕುರ್‌ಆನನ್ನು ತಪ್ಪಿಲ್ಲದೆ ಪಠಿಸಬಲ್ಲ ಹುಡುಗಿಗೆ ಅದರ ಒಂದು ಸಾಲಿನ ಅರ್ಥವೂ ತಿಳಿಯದಿರಬಹುದು. ಅರ್ಥ, ವಿವರಣೆ ಎಲ್ಲ ಉರ್ದುವಿನಲ್ಲೋ ಬ್ಯಾರಿ, ಮಲಯಾಳಂ, ಕನ್ನಡದಲ್ಲೋ ಉಸ್ತಾದರ ಬಾಯಿಂದ ಬಂದಷ್ಟೇ.

ಈ ಬೆಳಗಿನ ಮದರಸಾವನ್ನು ನಿಜವಾದ ವ್ಯವಸ್ಥೆಯಾಗಿ ಕಟ್ಟಿದವರು ಮಲಬಾರಿನವರು. ಅಲ್ಲಿ ಮೊದಲು ಓತ್ತುಪಳ್ಳಿ ಎಂಬ ಕುರ್‌ಆನ್ ಪಾಠಶಾಲೆಗಳಿದ್ದವು. ಬ್ರಿಟಿಷರ ಕಾಲದಲ್ಲಿ ಅವುಗಳಲ್ಲಿ ಹಲವು ಅನುದಾನ ಪಡೆದು ಮಾಪಿಳ್ಳೆ ಶಾಲೆಗಳಾದವು. ಓದು, ಲೆಕ್ಕ, ಕುರ್‌ಆನ್ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದು ಎಂದಾಯಿತು. ಸಂವಿಧಾನದ 28ನೇ ವಿಧಿ ಹೇಳುವುದೂ ಅದನ್ನೇ. ಶಾಲೆಯೊಳಗಿದ್ದ ಧರ್ಮಪಾಠಕ್ಕೆ ಶಾಲೆಯ ಹೊರಗೆ ಜಾಗ ಹುಡುಕಬೇಕಾಯಿತು. 1926ರಲ್ಲಿ ಹುಟ್ಟಿದ್ದ ಉಲಮಾಗಳ (ಧರ್ಮವಿದ್ವಾಂಸರ) ಸಂಘಟನೆ ‘ಸಮಸ್ತ ಕೇರಳ ಜಂಇಯ್ಯತುಲ್ ಉಲಮಾ’ 1951ರಲ್ಲಿ ಇದಕ್ಕೆಂದೇ ಶಿಕ್ಷಣ ಮಂಡಳಿ ಕಟ್ಟಿತು. ಒಂದೇ ಪಠ್ಯಪುಸ್ತಕ, ತರಗತಿಗಳು, ತಪಾಸಣೆಗೆ ಬರುವ ಮುಫತ್ತಿಶ್, ಐದು, ಏಳು, ಹತ್ತು, ಹನ್ನೆರಡನೇ ತರಗತಿಗೆ ಪಬ್ಲಿಕ್ ಪರೀಕ್ಷೆ. ಈ ಜಾಲ ದಕ್ಷಿಣ ಕನ್ನಡ, ಕೊಡಗಿಗೂ ಹಬ್ಬಿದೆ. ಅಲ್ಲಿ ಹುಡುಗ ಹುಡುಗಿಯರಿಬ್ಬರೂ ಏಳು ಗಂಟೆಗೆ ಮದರಸಾದಲ್ಲಿರುತ್ತಾರೆ, ಅಲ್ಲಿಂದ ಮನೆಗೆ ಬಂದು ತಿಂಡಿ ತಿಂದು ಶಾಲೆಯ ಬಸ್ಸು ಹತ್ತುತ್ತಾರೆ.

ಈ ಮಾದರಿ ಶಾಲೆಯನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದಕ್ಕೆ 2025ರ ಒಂದು ತಕರಾರು ಸಾಕ್ಷಿ. ಕೇರಳ ಸರ್ಕಾರ ಪ್ರೌಢಶಾಲೆಗಳ ಸಮಯವನ್ನು ಅರ್ಧ ಗಂಟೆ ಹೆಚ್ಚಿಸಿತು, ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ‘ಸಮಸ್ತ’ ಸಂಘಟನೆ ಆಕ್ಷೇಪ ಎತ್ತಿತು. ಕಾರಣ, ಆ ಬೆಳಗಿನ ಕಾಲು ಗಂಟೆ ಮದರಸಾದ ಹೊತ್ತನ್ನು ತಿನ್ನುತ್ತದೆ. ಸರಿಯೋ ತಪ್ಪೋ, ಶಾಲೆಯ ಗಂಟೆ ನೋಡಿ ತನ್ನ ಗಂಟೆ ಬಾರಿಸುವ ಸಂಸ್ಥೆ ಅದು. ಇಂಥ ಮದರಸಾದಿಂದ ಮಗುವಿನ ಓದಿಗೆ ಆಗುವ ನಷ್ಟವೆಂದರೆ ಬೆಳಗಿನ ನಿದ್ದೆಯಷ್ಟೇ.

ಮೂವತ್ತು ಭಾಗ, ಬಾಯಿಪಾಠ

ಇನ್ನು ಆ ಹುಡುಗನ ಮದರಸಾ. ಐದನೇ ತರಗತಿ ಆದಮೇಲೆ ಹೋದ ಎಂದಿರಿ. ಬಹುಶಃ ಅವನು ಸೇರಿದ್ದು ‘ಹಿಫ್ಜ್’ಗೆ. ಹಿಫ್ಜ್ ಎಂದರೆ ಇಡೀ ಕುರ್‌ಆನನ್ನು, ಅದರ 114 ಅಧ್ಯಾಯಗಳನ್ನು, ಆರು ಸಾವಿರಕ್ಕೂ ಮಿಕ್ಕ ವಚನಗಳನ್ನು ಕಂಠಸ್ಥ ಮಾಡುವುದು. ಹತ್ತು ಹನ್ನೆರಡರ ವಯಸ್ಸು ಇದಕ್ಕೆ ತಕ್ಕದ್ದು ಎಂಬುದು ಕಲಿಸುವವರ ಅನುಭವ. ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು ಹಿಡಿಯುತ್ತದೆ.

ಅದರ ಕ್ರಮ ತಿಳಿದುಕೊಳ್ಳುವಂಥದ್ದು. ಪಠಣದ ಅನುಕೂಲಕ್ಕೆ ಕುರ್‌ಆನನ್ನು ಮೂವತ್ತು ‘ಪಾರಾ’ಗಳಾಗಿ ವಿಂಗಡಿಸಿದ್ದಾರೆ. ಹುಡುಗನಿಗೆ ದಿನಕ್ಕೆ ಮೂರು ಕೆಲಸ. ಹೊಸದಾಗಿ ಕೆಲವು ಸಾಲು ಅಥವಾ ಒಂದು ಪುಟ ಬಾಯಿಪಾಠ ಮಾಡಿ ಒಪ್ಪಿಸುವುದು ಸಬಕ್. ಇತ್ತೀಚಿನ ದಿನಗಳಲ್ಲಿ ಕಲಿತದ್ದನ್ನು ಮತ್ತೆ ಒಪ್ಪಿಸುವುದು ಸಬ್ಕಿ. ಅದಕ್ಕೂ ಹಿಂದೆ ಕಲಿತ ಪಾರಾಗಳನ್ನು ಸರದಿಯ ಮೇಲೆ ತಿರುಗಿ ಹಾಕುವುದು ಮಂಜಿಲ್. ಹೊಸದು ಸೇರುತ್ತಾ ಹೋದಂತೆ ಹಳೆಯದರ ಹೊರೆ ಬೆಳೆಯುತ್ತದೆ. ಇಪ್ಪತ್ತನೇ ಪಾರಾದಲ್ಲಿರುವ ಹುಡುಗ ಹೊಸ ಪಾಠಕ್ಕಿಂತ ಹಳೆಯ ಪಾಠಕ್ಕೇ ಹೆಚ್ಚು ಹೊತ್ತು ಕೊಡಬೇಕು. ಫಜರ್ ನಮಾಜಿಗೂ ಮುಂಚೆ ಎದ್ದು ಕೂರುವುದು, ಮಧ್ಯಾಹ್ನ ಒಂದು ಜೊಂಪು, ಮತ್ತೆ ಇಶಾ ನಮಾಜಿನವರೆಗೆ. ಮುಗಿಸಿದವನು ‘ಹಾಫಿಜ್’. ರಂಜಾನ್ ತಿಂಗಳ ರಾತ್ರಿಗಳಲ್ಲಿ ತರಾವೀಹ್ ನಮಾಜು ನಡೆಸುತ್ತಾ ಪುಸ್ತಕ ನೋಡದೆ ಇಡೀ ಕುರ್‌ಆನ್ ಪಠಿಸುವವರು ಇವರೇ. ಹಿಂದೆ ನಿಂತ ಇನ್ನೊಬ್ಬ ಹಾಫಿಜ್ ಕಿವಿಗೊಟ್ಟಿರುತ್ತಾನೆ, ಎಲ್ಲಾದರೂ ತಪ್ಪಿದರೆ ಅಲ್ಲೇ ಎತ್ತಿಕೊಡುತ್ತಾನೆ.

ನೆನಪಿನ ಇಂಥ ಶಿಸ್ತು ಸಣ್ಣ ಸಾಧನೆಯಲ್ಲ. ಘನಪಾಠದವರೆಗೆ ವೇದ ಕಲಿತವರನ್ನು ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಕಷ್ಟವಿರುವುದು ಬೇರೆ ಕಡೆ. ಆ ಮೂರು ವರ್ಷ ಹುಡುಗ ಆರು, ಏಳು, ಎಂಟನೇ ತರಗತಿಯಲ್ಲಿ ಇರಬೇಕಿತ್ತು. ಭಿನ್ನರಾಶಿ, ಬೀಜಗಣಿತ, ಇಂಗ್ಲಿಷ್ ವ್ಯಾಕರಣ ಕಲಿಯುವ ಕಾಲ ಅದೇ. ಹಿಫ್ಜ್ ಮುಗಿದಾಗ ಅವನ ವಯಸ್ಸು ಒಂಬತ್ತನೇ ತರಗತಿಯದು, ಲೆಕ್ಕದ ಬುನಾದಿ ಐದನೆಯದು. ಲೆಕ್ಕದಲ್ಲಿ ಚುರುಕಾಗಿದ್ದ ಎಂದು ನೀವು ಬರೆದಿದ್ದೀರಿ. ಚುರುಕಾದವನನ್ನೇ ಆರಿಸಿ ಹಿಫ್ಜ್‌ಗೆ ಕಳಿಸುವ ಮನೆಗಳೂ ಇವೆ, ಅದು ಆ ಮನೆಯ ಹರಕೆ, ಹೆಮ್ಮೆ. ಮನೆಯಲ್ಲಿ ನಾಲ್ಕು ಮಕ್ಕಳಿದ್ದು ಊಟಕ್ಕೇ ತತ್ವಾರವಿದ್ದು, ವಸತಿ ಊಟ ಪುಕ್ಕಟೆ ಎಂಬ ಕಾರಣಕ್ಕೆ ಕಳಿಸುವ ಮನೆಗಳೂ ಇವೆ. ಈ ಎರಡನೆಯದು ಶ್ರದ್ಧೆಯ ವಿಷಯ ಅಲ್ಲ, ಬಡತನದ್ದು.

ಹಿಫ್ಜ್ ಆದಮೇಲೆ, ಕೆಲವೊಮ್ಮೆ ಹಿಫ್ಜ್ ಇಲ್ಲದೆಯೂ, ‘ಆಲಿಮ್’ ವ್ಯಾಸಂಗಕ್ಕೆ ಸೇರಬಹುದು. ಅದು ಏಳೆಂಟು ವರ್ಷದ ಓದು: ಅರಬಿ ವ್ಯಾಕರಣ, ಸಾಹಿತ್ಯ, ಫಿಕ್ಹ್ ಎಂಬ ಧರ್ಮಶಾಸ್ತ್ರ, ಕುರ್‌ಆನ್ ವ್ಯಾಖ್ಯಾನ, ಪ್ರವಾದಿಯ ನುಡಿ ನಡೆಗಳ ದಾಖಲೆಯಾದ ಹದೀಸ್. ಇಲ್ಲಿ ಭಾಷೆಯನ್ನು ಅರ್ಥಸಹಿತವಾಗಿಯೇ ಕಲಿಯಬೇಕು. ನಮ್ಮಲ್ಲಿ ಬೆಂಗಳೂರಿನ ದಾರುಲ್ ಉಲೂಮ್ ಸಬೀಲುರ್ರಷಾದ್, ಭಟ್ಕಳದ ಜಾಮಿಯಾ ಇಸ್ಲಾಮಿಯಾ ಈ ಮಟ್ಟದ ಹೆಸರಾಂತ ಸಂಸ್ಥೆಗಳು. ಸಬೀಲುರ್ರಷಾದ್‌ನಿಂದಾಗಿ ನಾಗವಾರದ ಆ ಪ್ರದೇಶಕ್ಕೇ ‘ಅರೇಬಿಕ್ ಕಾಲೇಜು’ ಎಂದು ಹೆಸರು ಬಿದ್ದಿದೆ. ಬಿಎಂಟಿಸಿ ಬಸ್ಸಿನ ಕಂಡಕ್ಟರೂ ಹಾಗೇ ಕೂಗುತ್ತಾರೆ.

ಗಣಿತ ಇತ್ತೇ? ಇತ್ತು

ಈಗ ನಿಮ್ಮ ಮೂರನೇ ಪ್ರಶ್ನೆ, ಹಿಂದೆ ಗಣಿತ ಇತ್ತೇ ಎಂಬುದು. ಇತ್ತು. ಆದರೆ ಏಕಿತ್ತು ಎಂದು ತಿಳಿದರೆ ಏಕೆ ಹೋಯಿತು ಎಂಬುದೂ ತಿಳಿಯುತ್ತದೆ.

11ನೇ ಶತಮಾನದಲ್ಲಿ ಸೆಲ್ಜುಕ್ ವಜೀರ ನಿಜಾಮುಲ್ ಮುಲ್ಕ್ ಬಾಗ್ದಾದಿನಲ್ಲಿ ನಿಜಾಮಿಯ್ಯಾ ಮದರಸಾ ಕಟ್ಟಿಸಿದ. ದಾರ್ಶನಿಕ ಅಲ್-ಗಜಾಲಿ 1091ರಲ್ಲಿ ಅಲ್ಲಿ ಪ್ರಾಧ್ಯಾಪಕನಾದ. ಕಟ್ಟಡ, ದತ್ತಿ, ಗುರುಗಳಿಗೆ ಸಂಬಳ, ವಿದ್ಯಾರ್ಥಿಗಳಿಗೆ ವಸತಿ ಎಲ್ಲವೂ ಸೇರಿದ ಮದರಸಾ ಆ ಕಾಲದಲ್ಲಿ ಹರಡಿದ್ದು ರಾಜ್ಯಕ್ಕೆ ಬೇಕಾದ ನ್ಯಾಯಾಧೀಶರು, ಆಡಳಿತಗಾರರು ಅಲ್ಲಿಂದ ಬರಬೇಕೆಂದು. ಆ ಮಾದರಿಯ ಭವ್ಯ ಕಟ್ಟಡವೊಂದನ್ನು ನೋಡಲು ನೀವು ಬಾಗ್ದಾದಿಗೆ ಹೋಗಬೇಕಿಲ್ಲ. ಬೀದರಿನಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು, ವ್ಯಾಪಾರಿಯಾಗಿ ಬಂದು ಪ್ರಧಾನಿಯಾದವನು, ಸ್ವತಃ ಪಾರಸಿ ಗದ್ಯದಲ್ಲಿ ಪಳಗಿದ ಪತ್ರಲೇಖಕ. ಮೂರು ಅಂತಸ್ತಿನ ಆ ಕಟ್ಟಡ ಮಧ್ಯ ಏಷ್ಯಾದ ಮದರಸಾಗಳ ಅಚ್ಚಿನದು: ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಉಪನ್ಯಾಸದ ಹಜಾರ, ಗ್ರಂಥಾಲಯ, ಮಸೀದಿ, ಮುಂಭಾಗಕ್ಕೆ ನೀಲಿ, ಬಿಳಿ, ಹಳದಿ ಹೆಂಚಿನ ಹೊದಿಕೆ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂಬ ಹೇಳಿಕೆ ಇದೆ. ಆಸ್ಥಾನದ ವೈರಿಗಳು ನಕಲಿ ಪತ್ರವೊಂದನ್ನು ಹುಟ್ಟುಹಾಕಿ ಗವಾನನ ಮೇಲೆ ದ್ರೋಹದ ಆಪಾದನೆ ಹೊರಿಸಿದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. 17ನೇ ಶತಮಾನದ ಕೊನೆಗೆ, ಮೊಗಲರ ವಶದಲ್ಲಿದ್ದಾಗ, ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ.

ಭಾರತದ ಮದರಸಾಗಳ ಪಠ್ಯಕ್ರಮ ಒಂದು ರೂಪಕ್ಕೆ ಬಂದದ್ದು 18ನೇ ಶತಮಾನದ ಲಖನೌದಲ್ಲಿ. ಯುರೋಪಿನ ವ್ಯಾಪಾರಿಯೊಬ್ಬನಿಗೆ ಸೇರಿದ್ದರಿಂದ ‘ಫರಂಗಿ ಮಹಲ್’ ಎನಿಸಿಕೊಂಡಿದ್ದ ಮನೆಯನ್ನು ಔರಂಗಜೇಬ್ ಒಂದು ವಿದ್ವಾಂಸ ಕುಟುಂಬಕ್ಕೆ ಕೊಟ್ಟಿದ್ದ. ಆ ಮನೆಯ ಮುಲ್ಲಾ ನಿಜಾಮುದ್ದೀನ್ (ಮರಣ 1748) ರೂಪಿಸಿದ ಪಠ್ಯಕ್ರಮಕ್ಕೆ ‘ದರ್ಸ್-ಎ-ನಿಜಾಮಿ’ ಎಂದು ಹೆಸರು. ಅದರಲ್ಲಿ ವ್ಯಾಕರಣ, ತರ್ಕ, ತತ್ವಶಾಸ್ತ್ರಗಳಿಗೆ ಸಿಂಹಪಾಲು. ಯೂಕ್ಲಿಡನ ರೇಖಾಗಣಿತ, ಅಂಕಗಣಿತ, ಖಗೋಳ ಇದ್ದವು. ತರ್ಕಕ್ಕೆ ಓದುತ್ತಿದ್ದ ಪುಸ್ತಕಗಳಲ್ಲೊಂದು ಬಿಹಾರದ ಮುಹಿಬ್ಬುಲ್ಲಾ ಬಿಹಾರಿ ಬರೆದದ್ದು. ಹದೀಸ್‌ಗೆ ಇದ್ದದ್ದು ಒಂದೇ ಗ್ರಂಥ. ಓದಿ ಮುಗಿಸಿದವನು ಕಾಜಿಯಾಗಬಹುದಿತ್ತು, ಮುಫ್ತಿಯಾಗಬಹುದಿತ್ತು, ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಯಾಗಬಹುದಿತ್ತು. ಧರ್ಮವನ್ನೂ ದಫ್ತರನ್ನೂ ಒಟ್ಟಿಗೆ ಕಲಿಸುವ ಜಾಗ ಅದು.

ಪಾರಸಿ ಕಲಿಸುವ ಶಾಲೆಗಳಂತೂ ಮುಸ್ಲಿಮರಿಗೇ ಮೀಸಲಾಗಿರಲಿಲ್ಲ. 1830ರ ದಶಕದಲ್ಲಿ ವಿಲಿಯಂ ಆಡಮ್ ಬಂಗಾಳ, ಬಿಹಾರಗಳಲ್ಲಿ ಶಾಲೆಗಳ ಸಮೀಕ್ಷೆ ಮಾಡಿದಾಗ, ಪಾರಸಿ ಶಾಲೆಗಳಲ್ಲಿ ಮುಸ್ಲಿಮರಿಗಿಂತ ಹಿಂದೂ ವಿದ್ಯಾರ್ಥಿಗಳೇ ಹೆಚ್ಚಿದ್ದರು. ಕಚೇರಿಯ ಭಾಷೆ ಕಲಿತರೆ ಅನ್ನ ಸಿಗುತ್ತಿತ್ತು, ಅದಕ್ಕೇ ಕಲಿಯುತ್ತಿದ್ದರು. ಬಾಬು ರಾಜೇಂದ್ರ ಪ್ರಸಾದರ ಅಕ್ಷರಾಭ್ಯಾಸ ಆದದ್ದೂ ಒಬ್ಬ ಮೌಲ್ವಿಯ ಬಳಿಯೇ. ಈಸ್ಟ್ ಇಂಡಿಯಾ ಕಂಪನಿಗೂ ಇಂಥವರು ಬೇಕಿತ್ತು. ವಾರನ್ ಹೇಸ್ಟಿಂಗ್ಸ್ 1780ರಲ್ಲಿ ಕಲ್ಕತ್ತಾ ಮದರಸಾ ತೆರೆದದ್ದು ತನ್ನ ನ್ಯಾಯಾಲಯಗಳಿಗೆ ಇಸ್ಲಾಮಿ ಕಾನೂನು ಬಲ್ಲವರನ್ನು ತಯಾರು ಮಾಡಲು.

1837ರಲ್ಲಿ ಕಂಪನಿ ಪಾರಸಿಯನ್ನು ಆಡಳಿತ ಭಾಷೆಯ ಸ್ಥಾನದಿಂದ ಇಳಿಸಿತು. ಮುಂದಿನ ದಶಕಗಳಲ್ಲಿ ಕಾಜಿಗಳ ಹುದ್ದೆಗಳೂ ಹೋದವು. ಮದರಸಾದಲ್ಲಿ ಓದಿದರೆ ಸಿಗುತ್ತಿದ್ದ ನೌಕರಿಯೇ ಇಲ್ಲವಾಯಿತು. 1857ರ ದಂಗೆಯ ನಂತರ ದೆಹಲಿಯ ಮದರಸಾಗಳು, ಅವನ್ನು ಪೋಷಿಸುತ್ತಿದ್ದ ಮನೆತನಗಳು ನೆಲಕಚ್ಚಿದವು. ಲೌಕಿಕ ವಿದ್ಯೆ ಇಂಗ್ಲಿಷ್ ಶಾಲೆಗೆ ಹೋಯಿತು, ಮದರಸಾಕ್ಕೆ ಉಳಿದದ್ದು ಧರ್ಮ ಮಾತ್ರ.

ದಾಳಿಂಬೆ ಮರದಡಿಯ ಹೊಸ ಮದರಸಾ

ಉಳಿದ ಧರ್ಮವನ್ನಾದರೂ ಕಾಯ್ದುಕೊಳ್ಳೋಣ ಎಂದು 1866ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ದೇವಬಂದ್ ಎಂಬ ಸಣ್ಣ ಊರಿನ ಛತ್ತಾ ಮಸೀದಿಯ ಅಂಗಳದಲ್ಲಿ, ದಾಳಿಂಬೆ ಮರದ ಕೆಳಗೆ ಒಂದು ಮದರಸಾ ಶುರುವಾಯಿತು. ಮುಹಮ್ಮದ್ ಕಾಸಿಮ್ ನಾನೌತವಿ ಅದರ ಹಿಂದಿನ ದೊಡ್ಡ ಹೆಸರು. ಮೊದಲ ಶಿಷ್ಯ ಮಹಮೂದ್ ಹಸನ್. ಇಂದಿನ ದಾರುಲ್ ಉಲೂಮ್ ದೇವಬಂದ್ ಅದೇ.

ಮದರಸಾವನ್ನು ಮಧ್ಯಯುಗದ ಪಳೆಯುಳಿಕೆ ಎನ್ನುವವರು ದೇವಬಂದನ್ನು ಸರಿಯಾಗಿ ನೋಡಿಲ್ಲ. ತರಗತಿಗಳು, ಹಾಜರಿ, ಲಿಖಿತ ಪರೀಕ್ಷೆ, ಸಂಬಳದ ಅಧ್ಯಾಪಕರು, ಮುದ್ರಿತ ವಾರ್ಷಿಕ ವರದಿ ಇವೆಲ್ಲ ಬ್ರಿಟಿಷ್ ಕಾಲದ ಕಾಲೇಜುಗಳಿಂದ ಕಲಿತವು. ರಾಜರ ದತ್ತಿ ಇಲ್ಲ, ನವಾಬರ ಜಮೀನಿಲ್ಲ. ಸರ್ಕಾರದಿಂದಲೂ ಶ್ರೀಮಂತರಿಂದಲೂ ದೂರವಿದ್ದು ಸಾಮಾನ್ಯ ಜನರ ಸಣ್ಣ ಸಣ್ಣ ಚಂದಾದಿಂದಲೇ ನಡೆಯಬೇಕೆಂಬುದು ನಾನೌತವಿ ಬರೆದಿಟ್ಟ ಎಂಟು ಸೂತ್ರಗಳ ಸಾರ. ಅಂಚೆ, ರೈಲು ಬಂದಿದ್ದರಿಂದ ಇದು ಸಾಧ್ಯವೂ ಆಯಿತು. ಪಠ್ಯದಲ್ಲಿ ತಕ್ಕಡಿ ತಿರುವುಮುರುವಾಯಿತು. ದರ್ಸ್-ಎ-ನಿಜಾಮಿಯ ಹೆಸರು ಉಳಿಯಿತು, ತರ್ಕ ತತ್ವಶಾಸ್ತ್ರ ಕುಗ್ಗಿದವು, ಒಂದೇ ಗ್ರಂಥವಿದ್ದ ಹದೀಸ್ ಕೊನೆಯ ಇಡೀ ವರ್ಷವನ್ನು ತುಂಬಿಕೊಂಡಿತು. ಆ ವರ್ಷಕ್ಕೆ ‘ದೌರಾ-ಎ-ಹದೀಸ್’ ಎನ್ನುತ್ತಾರೆ. ಆದ್ದರಿಂದ ‘ಈಗೇಕೆ ಗಣಿತವಿಲ್ಲ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಜ್ಞಾನ ಎಂದಲ್ಲ. ಕೆಲಸ ಹಂಚಿಕೊಂಡದ್ದು. ಗಣಿತ ಕಲಿಸಲು ಸರ್ಕಾರಿ ಶಾಲೆಗಳಿವೆ, ಧರ್ಮ ಕಲಿಸಲು ಯಾರೂ ಇಲ್ಲ, ನಾವು ಅದನ್ನು ನೋಡಿಕೊಳ್ಳುತ್ತೇವೆ ಎಂದರು ಆ ತಲೆಮಾರಿನವರು. ಆ ಹಂಚಿಕೆಯಲ್ಲಿ ಒಂದು ತೊಡಕಿತ್ತು. ಒಂದು ಮಗು ಒಂದೇ ಹೊತ್ತಿಗೆ ಎರಡು ಕಡೆ ಕೂರಲಾರದು.

ಆ ತೊಡಕನ್ನು ಮುಸ್ಲಿಮರೇ ಮೊದಲು ಕಂಡರು. ಸರ್ ಸೈಯದ್ ಅಹಮದ್ ಖಾನ್ 1875ರಲ್ಲಿ ಅಲೀಗಢದಲ್ಲಿ ಇಂಗ್ಲಿಷ್ ವಿದ್ಯೆಯ ಸಂಸ್ಥೆ ಕಟ್ಟಿ ಬೇರೆ ದಾರಿ ಹಿಡಿದರು. 1894ರಲ್ಲಿ ಹುಟ್ಟಿದ ನದ್ವತುಲ್ ಉಲಮಾ, ಅದರಲ್ಲೂ ಶಿಬ್ಲಿ ನೊಮಾನಿಯಂಥವರು, ಆಲಿಮ್ ಆಗುವವನಿಗೂ ಇಂಗ್ಲಿಷ್, ಇತಿಹಾಸ, ಆಧುನಿಕ ಅರಬಿ ಬೇಕೆಂದು ವಾದಿಸಿದರು. ದೇವಬಂದಿನ ಆ ಮೊದಲ ಶಿಷ್ಯ ಮಹಮೂದ್ ಹಸನ್ ಬ್ರಿಟಿಷರ ವಿರುದ್ಧದ ಸಂಚಿನ ಆರೋಪದಲ್ಲಿ ಮಾಲ್ಟಾ ದ್ವೀಪದ ಸೆರೆ ಕಂಡು ಬಂದು, 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾಕ್ಕೆ ಅಡಿಗಲ್ಲಿಟ್ಟರು. ಅದು ಈಗ ದೆಹಲಿಯ ಕೇಂದ್ರೀಯ ವಿಶ್ವವಿದ್ಯಾಲಯ.

ನೀವು ಕೇಳದಿದ್ದರೂ ಹಲವರ ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆ, ಮದರಸಾ ಉಗ್ರರನ್ನು ತಯಾರು ಮಾಡುತ್ತದೆಯೇ ಎಂಬುದು. ಪಾಕಿಸ್ತಾನದ ಅಕೋರಾ ಖಟ್ಟಕ್‌ನ ಹಕ್ಕಾನಿಯಾ ಮದರಸಾದಲ್ಲಿ ತಾಲಿಬಾನಿನ ಹಲವು ನಾಯಕರು ಓದಿದರು ಎಂಬುದು ನಿಜ. ಅದನ್ನು ಕಟ್ಟಿದ್ದು ದೇವಬಂದಿನಲ್ಲಿ ಓದಿದ ವಿದ್ವಾಂಸ. ಅದೇ ದೇವಬಂದಿನ ಹುಸೇನ್ ಅಹಮದ್ ಮದನಿ ದೇಶ ವಿಭಜನೆಯನ್ನು ಕೊನೆಯವರೆಗೂ ವಿರೋಧಿಸಿದರು, 2008ರಲ್ಲಿ ಅದೇ ದೇವಬಂದ್ ಉಲಮಾಗಳ ಸಮಾವೇಶ ಕರೆದು ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಸಾರಿತು. ಪಠ್ಯ ಹೆಚ್ಚು ಕಡಿಮೆ ಒಂದೇ, ಫಲ ಬೇರೆ ಬೇರೆ. 1980ರ ದಶಕದ ಆಫ್ಘನ್ ಯುದ್ಧ, ಅದಕ್ಕೆ ಹರಿದ ಹಣ ಮತ್ತು ಬಂದೂಕು, ಅದಕ್ಕೆ ಕುಮ್ಮಕ್ಕು ಕೊಟ್ಟ ಸರ್ಕಾರಗಳು ಈ ಅಂತರಕ್ಕೆ ಕಾರಣವೇ ಹೊರತು ಅರಬಿ ವ್ಯಾಕರಣದ ಪುಸ್ತಕಗಳಲ್ಲ. ಭಾರತದ ಮದರಸಾಗಳ ನಿಜವಾದ ಸಮಸ್ಯೆ ಬಂದೂಕಿನದಲ್ಲ, ಹತ್ತನೇ ತರಗತಿಯ ಅಂಕಪಟ್ಟಿಯದು.

ರಶೀದಿ ಪುಸ್ತಕ ಮತ್ತು ಕಾನೂನು ಪುಸ್ತಕ

ಹಣ ಎಲ್ಲಿಂದ ಬರುತ್ತದೆ? ಉಳಿತಾಯದ ಮೇಲೆ ವರ್ಷಕ್ಕೆ ನೂರಕ್ಕೆ ಎರಡೂವರೆಯಂತೆ ಕೊಡುವ ಜಕಾತ್, ಈದಿನ ಮುನ್ನ ಕೊಡುವ ಫಿತ್ರಾ, ಬಕ್ರೀದಿನಲ್ಲಿ ದಾನವಾಗಿ ಬರುವ ಕುರ್ಬಾನಿಯ ಚರ್ಮ. ರಂಜಾನ್ ತಿಂಗಳಲ್ಲಿ ‘ಸಫೀರ್’ ಎನ್ನುವವರು ರಶೀದಿ ಪುಸ್ತಕ ಹಿಡಿದು ಊರೂರು ತಿರುಗುತ್ತಾರೆ. ಚರ್ಮದ ಬೆಲೆ ಕೆಲವು ವರ್ಷಗಳಿಂದ ಪಾತಾಳ ಕಂಡಿರುವುದರಿಂದ ಸಣ್ಣ ಮದರಸಾಗಳ ಒಂದು ಆದಾಯವೇ ಬತ್ತಿದೆ. ಈ ಹಣದಲ್ಲಿ ಊಟ, ವಸತಿ, ಸಂಬಳ ಎಲ್ಲ ನಡೆಯಬೇಕು. ಮೌಲಾನಾಗಳಿಗೆ ಸಿಗುವ ಸಂಬಳದಲ್ಲಿ ಸಂಸಾರ ತೂಗಿಸುವುದು ಕಷ್ಟ. ಇಂಥಲ್ಲಿ ಗಣಿತಕ್ಕೊಬ್ಬ, ಇಂಗ್ಲಿಷಿಗೊಬ್ಬ ಶಿಕ್ಷಕರನ್ನು ನೇಮಿಸಿ ಎಂದರೆ ಬಯಕೆ ಇದ್ದರೂ ಕೈ ಸಾಗುವುದಿಲ್ಲ.

ಕಾನೂನು ಇಲ್ಲಿ ವಿಚಿತ್ರವಾಗಿ ಹಿಂದೆ ಸರಿದಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಸಾರಿತು. 2012ರ ತಿದ್ದುಪಡಿ ಮದರಸಾಗಳು, ವೇದಪಾಠಶಾಲೆಗಳು ಮತ್ತು ಮುಖ್ಯವಾಗಿ ಧರ್ಮಬೋಧನೆ ಮಾಡುವ ಸಂಸ್ಥೆಗಳಿಗೆ ಇದು ಅನ್ವಯಿಸದು ಎಂದಿತು. ಸಂಸ್ಥೆಗೆ ವಿನಾಯಿತಿ ಸಿಕ್ಕಿತು. ಅದರೊಳಗಿರುವ ಮಗುವಿನ ಹಕ್ಕಿನ ಗತಿ ಏನೆಂಬುದನ್ನು ತಿದ್ದುಪಡಿ ಹೇಳಲಿಲ್ಲ.

ರಾಜ್ಯಗಳು ಒಂದೊಂದು ದಾರಿ ಹಿಡಿದಿವೆ. ಪಶ್ಚಿಮ ಬಂಗಾಳದ ಹೈ ಮದರಸಾಗಳಲ್ಲಿ ಸಾಮಾನ್ಯ ಶಾಲೆಯ ವಿಷಯಗಳೇ ಇವೆ, ಜೊತೆಗೆ ಅರಬಿ ಮತ್ತು ಇಸ್ಲಾಮಿನ ಪರಿಚಯ; ಹಿಂದೂ ಮಕ್ಕಳೂ ಗಣನೀಯ ಸಂಖ್ಯೆಯಲ್ಲಿ ಓದುತ್ತಾರೆ. ಅಸ್ಸಾಂ ತನ್ನ ಸರ್ಕಾರಿ ಮದರಸಾಗಳನ್ನು 2021ರಿಂದ ಸಾಮಾನ್ಯ ಶಾಲೆಗಳಾಗಿ ಬದಲಿಸಿತು. ಉತ್ತರ ಪ್ರದೇಶದ 2004ರ ಮದರಸಾ ಮಂಡಳಿ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟ್ 2024ರ ಮಾರ್ಚಿನಲ್ಲಿ ರದ್ದು ಮಾಡಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಕಾಯ್ದೆಯನ್ನು ಉಳಿಸಿತು. ಫಾಜಿಲ್, ಕಾಮಿಲ್ ಎಂಬ ಉನ್ನತ ಪದವಿಗಳನ್ನು ಮಾತ್ರ ಮಂಡಳಿ ಕೊಡುವಂತಿಲ್ಲ, ಅದು ಯುಜಿಸಿ ಕಾಯ್ದೆಯ ವ್ಯಾಪ್ತಿ ಎಂದಿತು. ತೀರ್ಪಿನ ತಿರುಳು ನಮ್ಮ ಚರ್ಚೆಗೆ ಬೇಕಾದದ್ದೇ: ಅಲ್ಪಸಂಖ್ಯಾತರಿಗೆ ಸಂಸ್ಥೆ ನಡೆಸುವ ಹಕ್ಕಿದೆ, ಆದರೆ ಅಲ್ಲಿ ಓದುವ ಮಕ್ಕಳಿಗೆ ತಕ್ಕ ಮಟ್ಟದ ಶಿಕ್ಷಣ ಸಿಗುವಂತೆ ನೋಡಿಕೊಳ್ಳುವ ಅಧಿಕಾರ ಸರ್ಕಾರಕ್ಕೂ ಇದೆ.

ಹಿಂತಿರುಗುವ ದಾರಿ

ಹಾಫಿಜ್ ಅಥವಾ ಆಲಿಮ್ ಆದವನ ಮುಂದೆ ಸಾಮಾನ್ಯವಾಗಿ ಕಾಣುವ ಬದುಕು ಇಮಾಮತಿಯದು, ಇಲ್ಲವೆ ಇನ್ನೊಂದು ಮದರಸಾದ ಅಧ್ಯಾಪನದ್ದು. ಮಸೀದಿಗಳು ಎಷ್ಟಿದ್ದರೂ ಕಲಿತು ಬರುವವರೆಲ್ಲರಿಗೂ ಸ್ಥಾನವಿರುವುದಿಲ್ಲ. ಓದು ಮುಂದುವರಿಸುವ ಆಸೆ ಇದ್ದವರಿಗೆ ಅಲೀಗಢ, ಜಾಮಿಯಾ ಮಿಲ್ಲಿಯಾ, ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯಗಳು ಮಾನ್ಯತೆ ಪಡೆದ ಮದರಸಾಗಳ ಪ್ರಮಾಣಪತ್ರ ಒಪ್ಪಿ ಕೆಲವು ಪದವಿ ತರಗತಿಗಳಿಗೆ ಸೇರಿಸಿಕೊಳ್ಳುತ್ತವೆ. ಅಲೀಗಢದಲ್ಲಿ ಇಂಥವರಿಗಾಗಿಯೇ ಬ್ರಿಜ್ ಕೋರ್ಸ್ ಇದೆ. ಈ ವಿಷಯದಲ್ಲಿ ಬೀದರ್ ಮತ್ತೆ ನೆನಪಾಗುತ್ತದೆ. ಅಲ್ಲಿ ಅಬ್ದುಲ್ ಖದೀರ್ 1989ರಲ್ಲಿ ಆರಂಭಿಸಿದ ಶಾಹೀನ್ ವಿದ್ಯಾಸಂಸ್ಥೆ, ಹಿಫ್ಜ್ ಮುಗಿಸಿ ಬಂದ ಮಕ್ಕಳಿಗೆ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಬುಡದಿಂದ ಕಲಿಸಿ ಹತ್ತನೇ ತರಗತಿಗೆ ಹೊಂದಿಸುವ ಕ್ರಮವನ್ನು ರೂಢಿಸಿತು. ಹಾಗೆ ಬಂದ ಹಾಫಿಜ್‌ಗಳಲ್ಲಿ ಕೆಲವರು ನೀಟ್ ಬರೆದು ವೈದ್ಯಕೀಯ ಸೀಟು ಪಡೆದಿದ್ದಾರೆ. ಮೂವತ್ತು ಪಾರಾ ನೆನಪಿಟ್ಟುಕೊಂಡವನಿಗೆ ಜೀವಶಾಸ್ತ್ರ ಒಗ್ಗದ ವಿಷಯವೇನಲ್ಲ. ಗಣಿತ, ಭೌತಶಾಸ್ತ್ರಕ್ಕೆ ಹೆಚ್ಚು ಶ್ರಮ ಬೇಕು.

ನಿಮ್ಮ ಶಿಷ್ಯನಿಗೂ ದಾರಿ ಮುಚ್ಚಿಲ್ಲ. ಅವನಿಗಿನ್ನೂ 14 ತುಂಬಿಲ್ಲವಾದರೆ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ನೇರ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ವಯಸ್ಸು ಮೀರಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಕಟ್ಟಬಹುದು, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಯನ್ನೂ ಬರೆಯಬಹುದು. ಹಿಫ್ಜ್ ಬಿಡಬೇಕಾಗಿಯೂ ಇಲ್ಲ. ವಸತಿ ಮದರಸಾದಲ್ಲಿದ್ದುಕೊಂಡೇ ಈ ಪರೀಕ್ಷೆಗೆ ಕೂರುವವರಿದ್ದಾರೆ.

ಇನ್ನು ಮದರಸಾ ಎಂದು ಬೋರ್ಡು ಕಂಡಲ್ಲಿ ಅದರ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲಿ ಏನು ಕಲಿಸುತ್ತಾರೆ ಎಂಬುದಲ್ಲ. ಧರ್ಮ ಕಲಿಸುತ್ತಾರೆ, ಅದಕ್ಕೆಂದೇ ಕಟ್ಟಿದ್ದು. ಅಲ್ಲಿರುವ ಮಗುವಿನ ಹೆಸರು ಯಾವುದಾದರೂ ಶಾಲೆಯ ಹಾಜರಿ ಪುಸ್ತಕದಲ್ಲೂ ಇದೆಯೇ ಎಂದು ಕೇಳಬೇಕು. ಇದ್ದರೆ ಚಿಂತೆ ಬೇಡ. ಇಲ್ಲದಿದ್ದರೆ ಹೊಣೆ ಮದರಸಾದ ಆಡಳಿತ ಸಮಿತಿಯದೂ ಹೌದು, ಊರಿನ ಶಾಲೆಯದೂ ಹೌದು, ಶಿಕ್ಷಣ ಇಲಾಖೆಯದೂ ಹೌದು. ಮೂವರೂ ಒಮ್ಮೆ ಒಟ್ಟಿಗೆ ಕೂತು ಸಂಜೆಗೆ ಎರಡು ಗಂಟೆ ಗಣಿತ, ಕನ್ನಡ, ಇಂಗ್ಲಿಷಿಗೆ ಬಿಡಿಸಿಕೊಂಡರೆ ಸಾಕು. ನಿವೃತ್ತ ಮೇಷ್ಟ್ರುಗಳಿಗೆ ಅಲ್ಲೊಂದು ಕೆಲಸವೂ ಸಿಗುತ್ತದೆ.